ಐಎಲ್-6 ಗ್ರಾಹಕ: ಗಾಯ ಮಾಯಿಸುವ ಸಂಕೇತ ಗಡ್ಡೆ ಬೆಳೆಸುವುದು ಯಾವಾಗ?

2021ರ ಏಪ್ರಿಲ್-ಮೇ ತಿಂಗಳಲ್ಲಿ ಹಾಸನದ ಮೆಡಿಕಲ್ ಶಾಪ್‌ಗಳ ಮುಂದೆ ಚೀಟಿ ಹಿಡಿದು ನಿಂತವರಿಗೆ ಟೋಸಿಲಿಜುಮ್ಯಾಬ್ ಎಂಬ ಹೆಸರು ಬಾಯಿಪಾಠವಾಗಿಬಿಟ್ಟಿತ್ತು. ಒಂದು ವಯಲ್‌ಗೆ ಹತ್ತಾರು ಸಾವಿರ ರೂಪಾಯಿ. ಅದೂ ಸಿಗುತ್ತಿರಲಿಲ್ಲ. ಕೋವಿಡ್‌ಗೆಂದು ಎಲ್ಲರೂ ಹುಡುಕುತ್ತಿದ್ದ ಆ ಔಷಧ ವೈರಸ್ಸಿನ ತಂಟೆಗೇ ಹೋಗುವುದಿಲ್ಲ. ಅದು ಹೋಗಿ ಅಂಟಿಕೊಳ್ಳುವುದು ನಮ್ಮದೇ ಜೀವಕೋಶಗಳ ಮೇಲಿರುವ ಒಂದು ಗ್ರಾಹಕಕ್ಕೆ, ಅಂದರೆ ಹೊರಗಿನಿಂದ ಬರುವ ಸಂಕೇತವನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ (ರಿಸೆಪ್ಟರ್). ಅದೇ ಔಷಧವನ್ನು ಕೀಲುವಾತಕ್ಕೆ ಕೊಡುತ್ತಾರೆ, ರಕ್ತದ ಕ್ಯಾನ್ಸರ್‌ಗೆ ಮಾಡುವ ಕಾರ್-ಟಿ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಬದಲಿಸಿ ವಾಪಸ್ ಕೊಡುವ) ಚಿಕಿತ್ಸೆಯಲ್ಲಿ ಜ್ವರ ಕೈಮೀರಿದಾಗಲೂ ಕೊಡುತ್ತಾರೆ. ಆ ಗ್ರಾಹಕದ ಹೆಸರು ಇಂಟರ್‌ಲ್ಯೂಕಿನ್-6 ಗ್ರಾಹಕ, ಚಿಕ್ಕದಾಗಿ ಐಎಲ್-6 ಗ್ರಾಹಕ.

ಉರಿಯೂತಕ್ಕೂ ಕ್ಯಾನ್ಸರ್‌ಗೂ ನಂಟಿದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದರ ಬೆನ್ನಿಗೇ ಕಷಾಯ, ಪುಡಿ, ಮಾತ್ರೆಗಳ ವ್ಯಾಪಾರವೂ ನಡೆದಿದೆ. ಒಂದು ಪೊಟ್ಟಣದ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದಿರುತ್ತದೆ, ಪಕ್ಕದ ಪೊಟ್ಟಣದ ಮೇಲೆ ಉರಿಯೂತ ತಗ್ಗಿಸುತ್ತದೆ ಎಂದಿರುತ್ತದೆ. ಇವೆರಡೂ ಬಹುಮಟ್ಟಿಗೆ ಒಂದೇ ವ್ಯವಸ್ಥೆಯನ್ನು ಎದುರುಬದುರು ದಿಕ್ಕಿಗೆ ಎಳೆಯುವ ಮಾತುಗಳು ಎಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಈ ಒಂದು ಗ್ರಾಹಕವನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅಂಥ ಗೊಂದಲಗಳು ಬಹಳಷ್ಟು ಕಡಿಮೆಯಾಗುತ್ತವೆ. ಸಂಕೇತ ಹೊತ್ತಿಕೊಳ್ಳುವುದು ರೋಗವಲ್ಲ. ಹೊತ್ತಿಕೊಂಡದ್ದು ಆರದೆ ಉಳಿದಾಗ ರೋಗ ಶುರುವಾಗುತ್ತದೆ.

ಐಎಲ್-6 ಎಂಬುದು ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ, 184 ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನು. 1986ರಲ್ಲಿ ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ ಮತ್ತು ತೊಶಿಯೊ ಹಿರಾನೊ ಅವರ ತಂಡ ಇದರ ಜೀನನ್ನು ಹಿಡಿಯಿತು. 1988ರಲ್ಲಿ ಗ್ರಾಹಕ ಸಿಕ್ಕಿತು. ಆಗ ಒಂದು ವಿಚಿತ್ರ ಕಂಡಿತು: ಈ ಗ್ರಾಹಕಕ್ಕೆ ಐಎಲ್-6 ಹಿಡಿದುಕೊಳ್ಳಲು ಬರುತ್ತದೆ, ಆದರೆ ಹಿಡಿದ ಸುದ್ದಿಯನ್ನು ಕೋಶದ ಒಳಕ್ಕೆ ದಾಟಿಸಲು ಬರುವುದಿಲ್ಲ. ಸುದ್ದಿ ದಾಟಿಸುವ ಕೆಲಸ ಪಕ್ಕದಲ್ಲಿರುವ ಜಿಪಿ130 ಎಂಬ ಇನ್ನೊಂದು ಪ್ರೋಟೀನಿನದು. ಐಎಲ್-6 ಎರಡು, ಗ್ರಾಹಕ ಎರಡು, ಜಿಪಿ130 ಎರಡು, ಹೀಗೆ ಆರು ತುಂಡು ಕೂಡಿದ ಮೇಲೆಯೇ ಸಂಕೇತ ಹೊರಡುತ್ತದೆ. ಜಿಪಿ130ರ ಒಳಬಾಲಕ್ಕೆ ಅಂಟಿಕೊಂಡಿರುವ ಜಾಕ್ ಕಿಣ್ವಗಳು ಎಚ್ಚರಗೊಂಡು ಸ್ಟ್ಯಾಟ್3 ಎಂಬ ಪ್ರೋಟೀನಿನ 705ನೇ ಸ್ಥಾನದ ಟೈರೋಸಿನ್‌ಗೆ ಫಾಸ್ಫೇಟ್ ಜೋಡಿಸುತ್ತವೆ. ಹಾಗೆ ಫಾಸ್ಫೇಟ್ ಹೊತ್ತ ಎರಡು ಸ್ಟ್ಯಾಟ್3 ಜೊತೆಯಾಗಿ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತವೆ. ಇದೆಲ್ಲ ಕೆಲವೇ ನಿಮಿಷಗಳ ಕೆಲಸ.

ಹಾಗೆ ಎಬ್ಬಿಸಿದ ಜೀನ್‌ಗಳಲ್ಲಿ ಸಾಕ್ಸ್3 ಎಂಬುದೂ ಒಂದು. ಅದರಿಂದ ತಯಾರಾಗುವ ಪ್ರೋಟೀನು ವಾಪಸ್ ಬಂದು ಜಿಪಿ130ನ್ನೂ ಜಾಕ್ ಕಿಣ್ವಗಳನ್ನೂ ಹಿಡಿದು ಸಂಕೇತ ನಿಲ್ಲಿಸುತ್ತದೆ. ಅಂದರೆ ಬ್ರೇಕು ಹುಟ್ಟುವುದೇ ಆ ಸಂಕೇತದಿಂದ. ಕ್ಯಾನ್ಸರ್‌ನ ಮಾತು ಬಂದಾಗ ಈ ಬ್ರೇಕಿನ ಹತ್ತಿರ ಮತ್ತೆ ಬರಬೇಕಾಗುತ್ತದೆ.

ಕತ್ತಿ ತಾಗಿದ ಬೆರಳು

ಸಕಲೇಶಪುರದ ಕಡೆ ಕಾಫಿ ಗಿಡದ ಚಿಗುರು ತೆಗೆಯುವಾಗ ಬೆರಳಿಗೆ ಕತ್ತಿ ತಾಗುವುದು ದಿನನಿತ್ಯದ ಮಾತು. ಅರಿವೆ ಸುತ್ತಿಕೊಂಡು ಕೆಲಸ ಮುಂದುವರಿಸುತ್ತಾರೆ. ಗಾಯದೊಳಗೆ ಮಣ್ಣು, ಬ್ಯಾಕ್ಟೀರಿಯಾ ಸೇರಿರುತ್ತವೆ. ಚರ್ಮದಡಿಯ ಮ್ಯಾಕ್ರೋಫೇಜ್ ಕೋಶಗಳು ಅವನ್ನು ಗುರುತಿಸಿ ಕೆಲವು ಗಂಟೆಗಳಲ್ಲೇ ಐಎಲ್-6 ಬಿಡುತ್ತವೆ. ಆರೋಗ್ಯವಂತರ ರಕ್ತದಲ್ಲಿ ಅದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಇರುತ್ತದೆ. ರಕ್ತಕ್ಕೇ ನಂಜೇರಿದಾಗ ಸಾವಿರಾರು ಪಿಕೋಗ್ರಾಂಗೆ ಏರುತ್ತದೆ.

ಗಾಯದ ಜಾಗಕ್ಕೆ ಮೊದಲು ಓಡಿಬರುವವು ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು. ನೋವು, ಕೆಂಪು, ಬಾವು, ಕೀವು ಎಲ್ಲ ಆಗ ಬರುವುದು. ಈ ನ್ಯೂಟ್ರೋಫಿಲ್‌ಗಳ ಮೈಮೇಲೆ ಐಎಲ್-6 ಗ್ರಾಹಕ ಇರುತ್ತದೆ. ಕೆಲಸ ಮಾಡುತ್ತ, ಸಾಯುತ್ತ ಅವು ಆ ಗ್ರಾಹಕವನ್ನು ಮೈಯಿಂದ ಕಳಚಿ ಸುತ್ತಲಿನ ದ್ರವಕ್ಕೆ ಬಿಡುತ್ತವೆ. ಅದನ್ನು ಕತ್ತರಿಸುವ ಕಿಣ್ವ ಆಡಮ್17. ಕಳಚಿದ ಗ್ರಾಹಕ ತೇಲುತ್ತ ಐಎಲ್-6ನ್ನು ಹಿಡಿದುಕೊಂಡು ರಕ್ತನಾಳದ ಒಳಪದರದ ಕೋಶಗಳ ಜಿಪಿ130ಗೆ ಹೋಗಿ ಸೇರುತ್ತದೆ. ಆಗ ಆ ಪದರ ಕಳಿಸುವ ಕರೆಯೇ ಬದಲಾಗುತ್ತದೆ: ನ್ಯೂಟ್ರೋಫಿಲ್‌ಗಳನ್ನು ಕರೆಯುವುದು ಕಡಿಮೆಯಾಗಿ ಕಸ ಬಳಿಯುವ ಮಾನೋಸೈಟ್‌ಗಳನ್ನು ಕರೆಯುವುದು ಹೆಚ್ಚುತ್ತದೆ. ಬೆರಳಿನ ಕೀವು ಒಣಗಿ ಹೊಸ ಚರ್ಮ ಕಟ್ಟಲು ಶುರುವಾಗುವುದು ಈ ತಿರುವಿನ ನಂತರ. ಗಾಯ ಶುದ್ಧವಾದಂತೆ ಐಎಲ್-6 ಇಳಿಯುತ್ತದೆ, ಸಾಕ್ಸ್3 ಬ್ರೇಕು ಹಾಕುತ್ತದೆ, ಬೆರಳು ಮಾಯುತ್ತದೆ.

ಇತ್ತ ಲಿವರ್‌ನಲ್ಲಿ ಇದೇ ಸಂಕೇತ ಸಿಆರ್‌ಪಿ ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಜ್ವರ ಎಂದು ಹೋದರೆ ವೈದ್ಯರು ಬರೆದುಕೊಡುವ ಸಿಆರ್‌ಪಿ ಪರೀಕ್ಷೆ, ಐಎಲ್-6 ಗ್ರಾಹಕ ಲಿವರ್‌ನಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಅಳತೆ ಎಂದರೂ ನಡೆದೀತು. ಈ ಪರೀಕ್ಷೆಯಲ್ಲಿ ಪದೇ ಪದೇ ಆಗುವ ತಪ್ಪುಗಳನ್ನು ಇಲ್ಲಿ ಹೇಳಲೇಬೇಕು. ಸಿಆರ್‌ಪಿ ಏರಲು ಸೋಂಕು ಶುರುವಾಗಿ ಆರೆಂಟು ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ ಬೇಕು. ಜ್ವರ ಬಂದು ಮೂರು ಗಂಟೆಗೇ ಪರೀಕ್ಷೆ ಮಾಡಿಸಿ ನಾರ್ಮಲ್ ಬಂತೆಂದು ಸುಮ್ಮನಾಗುವುದು ಅಪಾಯ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಹೊತ್ತು, 19 ಗಂಟೆ, ಹಾಗಾಗಿ ಒಂದೇ ದಿನದಲ್ಲಿ ಎರಡು ಸಲ ಮಾಡಿಸಿದರೆ ಹಣ ದಂಡ. ಇನ್ನೊಂದು ತಪ್ಪು ಅಳತೆಯ ಘಟಕದಲ್ಲಿ ಆಗುತ್ತದೆ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಕೊಡುತ್ತವೆ. ಡೆಸಿಲೀಟರಿಗೆ 4 ಎಂದರೆ ಲೀಟರಿಗೆ 40. ಒಂದು ಲ್ಯಾಬಿನಲ್ಲಿ 40 ಇದ್ದದ್ದು ಇನ್ನೊಂದರಲ್ಲಿ 4ಕ್ಕೆ ಇಳಿಯಿತೆಂದು ಖುಷಿಪಟ್ಟು ಔಷಧ ನಿಲ್ಲಿಸುವವರಿದ್ದಾರೆ. ಇಳಿದಿದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ಅಂಕಿಯ ಪಕ್ಕದ ಘಟಕ ನೋಡಬೇಕು, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು.

ಐಎಲ್-6ನ್ನೇ ನೇರವಾಗಿ ಅಳೆಯುವ ಪರೀಕ್ಷೆಯೂ ಇದೆ. ರಕ್ತ ತೆಗೆದ ಮೇಲೂ ನಳಿಕೆಯೊಳಗಿನ ಬಿಳಿ ರಕ್ತಕಣಗಳು ಐಎಲ್-6 ಬಿಡುತ್ತಿರಬಲ್ಲವು. ಬೇಗ ಸೀರಂ ಬೇರ್ಪಡಿಸಿ ತಣ್ಣಗಿಡದೆ ನಳಿಕೆಯನ್ನು ಹಾಗೇ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ದಿನವಿಡೀ ಮೂಟೆ ಹೊತ್ತವರಲ್ಲೂ ಐಎಲ್-6 ಏರಿರುತ್ತದೆ, ಏಕೆಂದರೆ ದುಡಿಯುವ ಸ್ನಾಯು ಕೂಡ ಅದನ್ನು ಬಿಡುತ್ತದೆ. ಸ್ನಾಯುವಿನಿಂದ ಬಂದ ಈ ಐಎಲ್-6 ಒಡನೆ ಇಳಿಯುತ್ತದೆ. ಅದರಿಂದ ಕೇಡಿಲ್ಲ, ಸಕ್ಕರೆ-ಕೊಬ್ಬಿನ ಬಳಕೆಗೆ ಅದು ಸಹಾಯವೇ ಮಾಡುತ್ತದೆ.

ತೇಲುವ ಗ್ರಾಹಕ

ಮೈಮೇಲೆ ಐಎಲ್-6 ಗ್ರಾಹಕ ಇರುವ ಕೋಶಗಳು ಹೆಚ್ಚಿಲ್ಲ. ಲಿವರ್‌ನ ಕೋಶಗಳು, ಮಾನೋಸೈಟ್, ನ್ಯೂಟ್ರೋಫಿಲ್, ಕೆಲವು ಟಿ ಕೋಶಗಳು, ಹೆಚ್ಚುಕಡಿಮೆ ಇಷ್ಟೇ. ಆದರೆ ಜಿಪಿ130 ಮೈಯ ಎಲ್ಲ ಕೋಶಗಳ ಮೇಲೂ ಇದೆ. ಕೋಶದ ಮೈಮೇಲಿನ ಗ್ರಾಹಕದ ಮೂಲಕ ನಡೆಯುವ ಸಂಕೇತ ಈ ಕೆಲವೇ ಕೋಶಗಳಿಗೆ ಸೀಮಿತ. ಕಳಚಿ ತೇಲುವ ಗ್ರಾಹಕದ ಮೂಲಕ ನಡೆಯುವ ಸಂಕೇತಕ್ಕೆ ಆ ಎಲ್ಲೆಯಿಲ್ಲ. ಬಾಯಿಯ ಪದರ, ಕರುಳಿನ ಪದರ, ರಕ್ತನಾಳ, ಕೀಲಿನ ಒಳಪೊರೆ ಯಾವುದನ್ನು ಬೇಕಾದರೂ ಅದು ಎಬ್ಬಿಸಬಲ್ಲದು.

ಹಾಗಾದರೆ ನಾವು ದಿನವೂ ಉರಿಯುತ್ತಿರಬೇಕಿತ್ತಲ್ಲ? ರಕ್ತದಲ್ಲಿ ತೇಲುವ ಗ್ರಾಹಕವಿದ್ದಂತೆಯೇ ತೇಲುವ ಜಿಪಿ130 ಕೂಡ ಇದೆ, ಅದೂ ಹೆಚ್ಚು ಪ್ರಮಾಣದಲ್ಲಿ. ಗ್ರಾಹಕ ಮಿಲಿಲೀಟರಿಗೆ ಹತ್ತಾರು ನ್ಯಾನೋಗ್ರಾಂ ಇದ್ದರೆ ತೇಲುವ ಜಿಪಿ130 ಇನ್ನೂರು ಮುನ್ನೂರು ನ್ಯಾನೋಗ್ರಾಂ ಇರುತ್ತದೆ. ಐಎಲ್-6 ಹಿಡಿದು ಹೊರಟ ಗ್ರಾಹಕವನ್ನು ದಾರಿಯಲ್ಲೇ ಹಿಡಿದು ನಿಷ್ಫಲಗೊಳಿಸುವುದು ಇದರ ಕೆಲಸ. ಗದ್ದೆಯ ಬದುವಿನಂತೆ ಇದು ಮಾಮೂಲಿ ನೀರನ್ನು ತಡೆಯುತ್ತದೆ, ನೆರೆ ಬಂದರೆ ತಡೆಯಲಾರದು. ಉರಿಯೂತದ ಜಾಗದಲ್ಲಿ ಐಎಲ್-6 ಎಡೆಬಿಡದೆ ಸುರಿಯುತ್ತಿದ್ದರೆ, ಬಂದ ಬಂದ ಬಿಳಿ ರಕ್ತಕಣಗಳು ಗ್ರಾಹಕ ಕಳಚುತ್ತಿದ್ದರೆ, ಆ ಜಾಗದ ಮಟ್ಟಿಗೆ ಬದು ಒಡೆಯುತ್ತದೆ.

ಅಲ್ಲಿಂದ ಮುಂದೆ ಸ್ಟ್ಯಾಟ್3 ಆರುವುದೇ ಇಲ್ಲ. ಸ್ಟ್ಯಾಟ್3 ಎಬ್ಬಿಸುವ ಜೀನ್‌ಗಳ ಪಟ್ಟಿ ನೋಡಿದರೆ ಭಯವಾಗುತ್ತದೆ: ಕೋಶ ಸಾಯದಂತೆ ಕಾಯುವ ಬಿಸಿಎಲ್-ಎಕ್ಸ್‌ಎಲ್ ಮತ್ತು ಎಂಸಿಎಲ್1, ಕೋಶ ಒಡೆದು ಎರಡಾಗಲು ಬೇಕಾದ ಸೈಕ್ಲಿನ್ ಡಿ1, ಹೊಸ ರಕ್ತನಾಳ ಎಳೆದುಕೊಳ್ಳುವ ವಿಇಜಿಎಫ್. ಗಾಯ ಮಾಯಿಸಲು ನಾಲ್ಕು ದಿನ ಬೇಕಾದ ಸಾಮಾನುಗಳೇ ಇವು. ಡಿಎನ್‌ಎ ಕೆಟ್ಟ ಒಂದು ಕೋಶಕ್ಕೆ ಇವೇ ಸಾಮಾನು ವರ್ಷಗಟ್ಟಲೆ ಸಿಕ್ಕರೆ ಅದು ಬೆಳೆಯುವ ದಾರಿ ಸಲೀಸಾಗುತ್ತದೆ. ಎಷ್ಟೋ ಗಡ್ಡೆಗಳಲ್ಲಿ ಸಾಕ್ಸ್3 ಜೀನಿನ ಮೇಲೆ ಮಿಥೈಲ್ ಗುಂಪುಗಳು ಕೂತು ಅದು ಬಾಯಿಮುಚ್ಚಿರುತ್ತದೆ, ಅಂದರೆ ಬ್ರೇಕಿನ ತಂತಿಯೇ ಕಡಿದಿರುತ್ತದೆ.

ಕೆನ್ನೆಯೊಳಗಿನ ಕವಳ

ಕೊಪ್ಪ, ಶೃಂಗೇರಿ, ತರೀಕೆರೆ, ಕಡೂರು ಅಡಿಕೆಯ ಸೀಮೆ. ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆಯುತ್ತದೆ. ಕವಳ, ಅಂದರೆ ಎಲೆ-ಅಡಿಕೆ-ಸುಣ್ಣ, ಹಾಕುವುದು ಇಲ್ಲಿ ಮರ್ಯಾದೆಯ ಭಾಗ, ನೆಂಟರಿಗೆ ತಟ್ಟೆ ಮುಂದಿಡದೆ ಮಾತು ಶುರುವಾಗುವುದಿಲ್ಲ. ಅಡಿಕೆ ಎಷ್ಟೋ ಮನೆಗಳ ಅನ್ನ ಎಂಬುದನ್ನು ಮರೆತು ಈ ವಿಷಯ ಮಾತಾಡುವುದು ತಪ್ಪು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದನ್ನು ಮುಚ್ಚಿಡುವುದೂ ತಪ್ಪೇ. ಊಟದ ನಂತರ ಒಮ್ಮೆ ಹಾಕಿ ಉಗಿಯುವುದಕ್ಕೂ ಇಡೀ ದಿನ ಕೆನ್ನೆಯೊಂದರಲ್ಲಿ ಉಂಡೆ ಇಟ್ಟುಕೊಳ್ಳುವುದಕ್ಕೂ ಅಪಾಯದಲ್ಲಿ ಅಂತರವಿದೆ. ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ.

ಆ ಕೆನ್ನೆಯೊಳಗೆ ನಡೆಯುವುದು ಇಷ್ಟು. ಸುಣ್ಣ ಬಾಯಿಯ ಪದರವನ್ನು ಸುಡುತ್ತದೆ, ಅಡಿಕೆಯ ನಾರು ಅದನ್ನು ಕೆರೆಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಸುಣ್ಣದ ಕ್ಷಾರದಲ್ಲಿ ಸಲೀಸಾಗಿ ಒಳಗಿಳಿಯುತ್ತದೆ. ಹೊಗೆಸೊಪ್ಪು ಸೇರಿದ್ದರೆ ಅದರ ನೈಟ್ರೋಸಮೈನ್‌ಗಳು ಡಿಎನ್‌ಎಯನ್ನು ಕೆಡಿಸುತ್ತವೆ. ಗಾಯವಾದ ಪದರ ಐಎಲ್-6 ಬಿಡುತ್ತದೆ. ಬೆರಳಿನ ಗಾಯ ವಾರದೊಳಗೆ ಶಾಂತವಾಗುತ್ತದೆ, ಕೆನ್ನೆಯ ಗಾಯ ಶಾಂತವಾಗುವ ಮೊದಲೇ ಇನ್ನೊಂದು ಕವಳ ಬಂದು ಕೂರುತ್ತದೆ. ಬಾಯಿ ಕ್ಯಾನ್ಸರ್ ಇರುವವರ ಎಂಜಲಿನಲ್ಲಿ ಐಎಲ್-6 ಏರಿರುವುದನ್ನೂ, ಗಡ್ಡೆಯ ಕೋಶಗಳಲ್ಲಿ ಸ್ಟ್ಯಾಟ್3 ಎದ್ದೇ ಇರುವುದನ್ನೂ ಹಲವು ಅಧ್ಯಯನಗಳು ತೋರಿಸಿವೆ. ಒಂದು ಕಡೆ ಡಿಎನ್‌ಎ ಕೆಡುತ್ತಿದೆ, ಇನ್ನೊಂದು ಕಡೆ ಕೆಟ್ಟ ಕೋಶ ಸಾಯದಂತೆ ಗ್ರಾಹಕ ಕಾಯುತ್ತಿದೆ. ಎರಡೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ.

ಇದರ ಮೊದಲ ಗುರುತುಗಳು ಮನೆಯಲ್ಲೇ ಸಿಗುತ್ತವೆ. ಖಾರ ತಿಂದರೆ ಮೊದಲಿಗಿಂತ ಹೆಚ್ಚು ಉರಿ. ಕೆನ್ನೆಯೊಳಗೆ ಬೆರಳಾಡಿಸಿದರೆ ಹಗ್ಗದಂಥ ಗಟ್ಟಿ ಪಟ್ಟಿ. ಬಾಯಿ ತೆರೆದಾಗ ತಮ್ಮದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗದಿರುವುದು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ಇಲ್ಲಿ ಕಾಲ ಹಾಳಾಗುವ ರೀತಿ ಯಾವಾಗಲೂ ಒಂದೇ: ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಮುಲಾಮು, ಒಂದು ಸುತ್ತು ಆಂಟಿಬಯಾಟಿಕ್, ಆಮೇಲೆ ಇನ್ನೊಂದು ಸುತ್ತು. ಹಾಗೇ ನಾಲ್ಕು ತಿಂಗಳು ಕಳೆಯುತ್ತದೆ. ಚೂಪು ಹಲ್ಲು ಉಜ್ಜುತ್ತಿದ್ದರೆ ಅದನ್ನು ಸವೆಸಿ, ಕವಳ ಬಿಡಿಸಿ ಎರಡು ವಾರ ನೋಡಬೇಕು. ಆಗಲೂ ಹುಣ್ಣು ಇದ್ದರೆ ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಬಯಾಪ್ಸಿಗಾಗಿ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಗಟ್ಟಿಯಾದ ಪಟ್ಟಿ ಕವಳ ಬಿಟ್ಟರೂ ಪೂರ್ತಿ ಮೆತ್ತಗಾಗುವುದು ಅಪರೂಪ. ಹಾಗಿದ್ದರೂ ಬಿಡುವುದರಿಂದ ಹೊಸ ಗಾಯ ನಿಲ್ಲುತ್ತದೆ, ಮುಂದಿನ ಅಪಾಯ ಇಳಿಯುತ್ತದೆ.

ಲಿವರ್‌ನ ಕಥೆ ಇನ್ನೂ ಸೂಕ್ಷ್ಮ. ಲಿವರ್‌ನ ಒಂದು ಭಾಗ ಕತ್ತರಿಸಿ ತೆಗೆದರೆ ಉಳಿದದ್ದು ಬೆಳೆದು ತುಂಬಿಕೊಳ್ಳಲು ಐಎಲ್-6 ಬೇಕು. ಅದಿಲ್ಲದ ಇಲಿಗಳಲ್ಲಿ ಆ ಬೆಳವಣಿಗೆ ಕುಂಟುತ್ತದೆ ಎಂದು 1996ರಲ್ಲೇ ಗೊತ್ತಾಗಿತ್ತು. 2007ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟಾಗ ಗಂಡಿಲಿಗಳಿಗೆ ಹೆಣ್ಣಿಲಿಗಳಿಗಿಂತ ಹೆಚ್ಚು ಲಿವರ್ ಕ್ಯಾನ್ಸರ್ ಬಂತು. ಈಸ್ಟ್ರೋಜನ್ ಹಾರ್ಮೋನು ಐಎಲ್-6 ಬಿಡುಗಡೆಯನ್ನು ತಡೆಯುವುದು ಅದಕ್ಕೆ ಕಾರಣ. ಐಎಲ್-6 ಜೀನನ್ನೇ ತೆಗೆದ ಗಂಡಿಲಿಗಳಲ್ಲಿ ಆ ವ್ಯತ್ಯಾಸ ಅಳಿಸಿಹೋಯಿತು. ಒಂದೇ ಅಂಗ, ಒಂದೇ ಸಂಕೇತ. ನಾಲ್ಕು ದಿನ ಉರಿದರೆ ಲಿವರ್ ಬೆಳೆಸುತ್ತದೆ, ನಾಲ್ಕು ವರ್ಷ ಉರಿದರೆ ಗಡ್ಡೆ ಬೆಳೆಸುತ್ತದೆ. ಕುಡಿತ, ಹೆಪಟೈಟಿಸ್ ಬಿ, ಹೊಟ್ಟೆಯ ಬೊಜ್ಜು ಇವೆಲ್ಲ ಉರಿ ಆರದಂತೆ ಸೌದೆ ಒಟ್ಟುತ್ತವೆ. ಬೊಜ್ಜಿನ ಕೊಬ್ಬು ಸ್ವತಃ ಐಎಲ್-6 ಬಿಡುತ್ತದೆ.

ಮುಚ್ಚಿಬಿಟ್ಟರೆ ಸಾಲದೇ?

ಗ್ರಾಹಕವನ್ನೇ ಮುಚ್ಚಿ ಕ್ಯಾನ್ಸರ್ ನಿಲ್ಲಿಸೋಣ ಎಂಬ ಯೋಚನೆ ಸಹಜ, ಪ್ರಯತ್ನಗಳೂ ನಡೆದಿವೆ. ಐಎಲ್-6ನ್ನು ಹಿಡಿಯುವ ಸಿಲ್ಟುಕ್ಸಿಮ್ಯಾಬ್ ಕ್ಯಾಸಲ್‌ಮನ್ ಎಂಬ ಅಪರೂಪದ ದುಗ್ಧಗ್ರಂಥಿ ಕಾಯಿಲೆಯಲ್ಲಿ ಫಲ ಕೊಟ್ಟಿತು, 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದೇ ಔಷಧ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲೂ ರೋಗಿಗಳ ಆಯಸ್ಸು ಹೆಚ್ಚಿಸಲಿಲ್ಲ. ಬೆಳೆದ ಗಡ್ಡೆ ಒಂದೇ ಬಾಗಿಲನ್ನು ನೆಚ್ಚಿಕೊಂಡಿರುವುದಿಲ್ಲ. ಐಎಲ್-11, ಎಲ್‌ಐಎಫ್, ಆಂಕೋಸ್ಟ್ಯಾಟಿನ್ ಎಂ ಎಂಬ ಬೇರೆ ಸಂಕೇತ ಪ್ರೋಟೀನುಗಳೆಲ್ಲ ಅದೇ ಜಿಪಿ130 ಬಳಸುತ್ತವೆ. ಇಜಿಎಫ್‌ಆರ್ ಎಂಬ ಬೇರೊಂದು ಗ್ರಾಹಕದ ಮೂಲಕವೂ ಸ್ಟ್ಯಾಟ್3 ಏಳುತ್ತದೆ. ಉರಿಯೂತ ಗಡ್ಡೆಯನ್ನು ಬೆಳೆಸಿತು ಎಂದಮಾತ್ರಕ್ಕೆ ಉರಿಯೂತ ನಿಲ್ಲಿಸಿದರೆ ಗಡ್ಡೆ ಕರಗೀತು ಎಂದಾಗುವುದಿಲ್ಲ. ಉರಿಯೂತ ತಗ್ಗಿಸಿ ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಡಬ್ಬಿ ಮಾರುವವರ ಮಾತನ್ನು ಒಪ್ಪಲಾಗದಿರುವುದು ಈ ಕಾರಣಕ್ಕೆ. ಗ್ರಾಹಕವನ್ನೇ ಗುರಿಯಿಟ್ಟು ಮಾಡಿದ ಔಷಧಗಳಿಗೇ ಅದು ಆಗಿಲ್ಲ.

ಗ್ರಾಹಕ ಮುಚ್ಚುವ ಔಷಧ ನಿಜವಾಗಿ ಗೆದ್ದ ಜಾಗಗಳು ಬೇರೆ. ಕೀಲುವಾತ ಅದರಲ್ಲಿ ಮೊದಲನೆಯದು. ಕೋವಿಡ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ 4116 ರೋಗಿಗಳನ್ನು ನೋಡಿತು. ಆಮ್ಲಜನಕ ಇಳಿದು ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಮುಟ್ಟಿದವರಿಗೆ ಮಾತ್ರ ಟೋಸಿಲಿಜುಮ್ಯಾಬ್ ಕೊಟ್ಟಾಗ 28 ದಿನಗಳ ಸಾವು 35ರಿಂದ 31 ಶೇಕಡಾಕ್ಕೆ ಇಳಿಯಿತು. ಲಾಭ ನಿಜ, ಆದರೆ ಅದು ಆ ಹಂತದ ರೋಗಿಗಳಿಗೆ. ಸೋಂಕು ಆಗತಾನೇ ಶುರುವಾದವರಿಗೆ ಕೊಡಿಸಲು ಜಮೀನು ಅಡವಿಟ್ಟವರ ನೋವು ನೆನೆದರೆ, ಈ ಒಂದು ವಾಕ್ಯ ಆಗಲೇ ಎಲ್ಲರಿಗೂ ತಲುಪಬೇಕಿತ್ತು ಎನಿಸುತ್ತದೆ. ಈಚೆಗೆ, ಮೈಮೇಲಿನ ಗ್ರಾಹಕವನ್ನು ಹಾಗೇ ಬಿಟ್ಟು ತೇಲುವ ಗ್ರಾಹಕದ ದಾರಿಯನ್ನಷ್ಟೇ ಕಟ್ಟುವ ಓಲಾಮ್‌ಕಿಸೆಪ್ಟ್ ಬಂದಿದೆ. ಅದು ಜಿಪಿ130ರ ತೇಲುವ ರೂಪವನ್ನೇ ಹೋಲುವ ಪ್ರೋಟೀನು, ನಮ್ಮ ಬದುವಿಗೇ ಇನ್ನಷ್ಟು ಮಣ್ಣು ಹಾಕಿದಂತೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯ 91 ರೋಗಿಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 600 ಮಿಲಿಗ್ರಾಂ ಪಡೆದವರಲ್ಲಿ ಸುಮಾರು 59 ಶೇಕಡಾ ಜನ ಚೇತರಿಕೆ ತೋರಿದರು, ಹುಸಿ ಔಷಧ ಪಡೆದವರಲ್ಲಿ 34.5. ಪ್ರಯೋಗ ಚಿಕ್ಕದು, ದಾರಿ ಮಾತ್ರ ಸರಿಯಾದದ್ದು ಎನಿಸುತ್ತದೆ.

ಕ್ಯಾನ್ಸರ್ ಇರುವವರ ಮನೆಯಲ್ಲಿ ಈ ಗ್ರಾಹಕ ಇನ್ನೊಂದು ರೂಪದಲ್ಲಿ ಕಾಣುತ್ತದೆ: ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್. ಲಿವರ್‌ನಲ್ಲಿ ಐಎಲ್-6 ಸಂಕೇತ ಹೆಪ್ಸಿಡಿನ್ ಎಂಬ ಹಾರ್ಮೋನು ಮಾಡಿಸುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ದಾಟದಂತೆ, ದಾಸ್ತಾನಿನ ಕಬ್ಬಿಣ ಹೊರಬರದಂತೆ ಬೀಗ ಹಾಕುತ್ತದೆ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಹೆಚ್ಚಿದ್ದು ಸೀರಂ ಕಬ್ಬಿಣ ಕಡಿಮೆಯಿದ್ದರೆ ಇದೇ ನಡೆದಿರುವ ಸಾಧ್ಯತೆ ಹೆಚ್ಚು. ಮಾತ್ರೆಯಿಂದ ಮಲಬದ್ಧತೆ ಬರುತ್ತದೆಯೇ ಹೊರತು ರಕ್ತ ಏರುವುದಿಲ್ಲ. ಆಗ ಕೇಳಬೇಕಾದ್ದು ಸಿರೆಯ ಮೂಲಕ ಕೊಡುವ ಕಬ್ಬಿಣ ಅಥವಾ ಬೇರೆ ಚಿಕಿತ್ಸೆಯ ಬಗ್ಗೆ. ಜೊತೆಗೆ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರಿ, ರಕ್ತದ ಪ್ರೋಟೀನಾದ ಆಲ್ಬುಮಿನ್ ಲೀಟರಿಗೆ 35 ಗ್ರಾಂಗಿಂತ ಇಳಿದಿದ್ದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ತೂಕ ಕರಗುವುದು, ಊಟ ಸೇರದಿರುವುದು ಇದರ ಜೊತೆಗೇ ಬರುತ್ತವೆ. ಬಲವಂತವಾಗಿ ತಿನ್ನಿಸಿದ ಮಾತ್ರಕ್ಕೆ ಅದು ಸರಿಹೋಗದು, ರೋಗಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ, ಕೀಲುವಾತಕ್ಕೆ ಟೋಸಿಲಿಜುಮ್ಯಾಬ್ ತೆಗೆದುಕೊಳ್ಳುವವರು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿದ್ದಾರೆ. ಸಿರೆಯ ಮೂಲಕವಾದರೆ ಮೈತೂಕದ ಕಿಲೋಗೆ 8 ಮಿಲಿಗ್ರಾಂವರೆಗೆ, ನಾಲ್ಕು ವಾರಕ್ಕೊಮ್ಮೆ, ಸುಮಾರು ಒಂದು ಗಂಟೆಯ ಡ್ರಿಪ್. ಶುರುಮಾಡುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿಯಾಗಬೇಕು. ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಲಿವರ್ ಕಿಣ್ವ, ಕೊಲೆಸ್ಟರಾಲ್ ಆಗಾಗ ನೋಡುತ್ತಿರಬೇಕು. ಐಎಲ್-6 ಹೆಚ್ಚಿದ್ದಾಗ ಲಿವರ್‌ನ ಕೆಲವು ಕಿಣ್ವಗಳು ಮಂಕಾಗಿರುತ್ತವೆ, ಗ್ರಾಹಕ ಮುಚ್ಚಿದೊಡನೆ ಚುರುಕಾಗುತ್ತವೆ. ಹಾಗಾಗಿ ವಾರ್ಫರಿನ್, ಸಿಮ್ವಾಸ್ಟ್ಯಾಟಿನ್‌ನಂಥ ಔಷಧಗಳು ಬೇಗ ಕರಗಿಹೋಗಿ ಪ್ರಮಾಣ ಬದಲಿಸಬೇಕಾಗಬಹುದು. ಔಷಧ ಕೊಟ್ಟ ಮೇಲೆ ಯಾರಾದರೂ ಐಎಲ್-6 ಅಳೆದರೆ ಅಂಕಿ ಮೊದಲಿಗಿಂತ ಏರಿರುತ್ತದೆ. ಗಾಬರಿ ಬೇಡ, ಗ್ರಾಹಕ ಮುಚ್ಚಿರುವುದರಿಂದ ಐಎಲ್-6 ಖರ್ಚಾಗದೆ ರಕ್ತದಲ್ಲೇ ಉಳಿದಿದೆ ಅಷ್ಟೇ.

ಎಚ್ಚರ ಬೇಕಾದ್ದು, ಮೈ ಸರಿಯಿಲ್ಲದಿದ್ದರೂ ಸಿಆರ್‌ಪಿ ಸೊನ್ನೆಯ ಹತ್ತಿರ ಇದ್ದಾಗ. ಗ್ರಾಹಕ ಮುಚ್ಚಿದ ಲಿವರ್‌ಗೆ ಸೋಂಕಿನ ಸುದ್ದಿಯೇ ತಲುಪುವುದಿಲ್ಲ, ನ್ಯುಮೋನಿಯಾ ಇದ್ದರೂ ಸಿಆರ್‌ಪಿ ನಾರ್ಮಲ್ ಬರಬಹುದು, ಜ್ವರವೂ ಸರಿಯಾಗಿ ಏರದಿರಬಹುದು. ಕರುಳು ತೂತಾಗಿದ್ದರೂ ಹೊಟ್ಟೆನೋವು ಸಣ್ಣದೆನಿಸಬಹುದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಇಲಿ ಜ್ವರ, ಡಿಸೆಂಬರಿನಿಂದ ಮೇವರೆಗೆ ಕೊಪ್ಪ, ನರಸಿಂಹರಾಜಪುರದ ಕಾಡಂಚಿನಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. ಈ ಔಷಧದಲ್ಲಿರುವವರಿಗೆ ಮೈಕೈ ನೋವು, ಸುಸ್ತು, ಕೆಮ್ಮು, ಹೊಟ್ಟೆನೋವು ಯಾವುದೇ ಬಂದರೂ ಊರಿನ ಕ್ಲಿನಿಕ್ಕಿನಲ್ಲಿ ಮೊದಲು ಹೇಳಬೇಕಾದ ಮಾತು: ಟೋಸಿಲಿಜುಮ್ಯಾಬ್ ತಗೊಳ್ತಿದೀನಿ, ಕೊನೆಯ ಡೋಸ್ ಇಂಥ ತಾರೀಕು, ನನ್ನ ಸಿಆರ್‌ಪಿ ನಂಬಬೇಡಿ. ಇದನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡರೆ, ಜ್ವರದ ಮಂಪರಿನಲ್ಲಿ ಮಾತಾಡಲಾಗದಿದ್ದರೂ ಜೊತೆಗೆ ಬಂದವರು ತೋರಿಸಬಹುದು.